ನೀಲಿಯಾಗದ ಬಾಟಲಿಗಳು

ಕೊರೊನಾ ಕಳೆದ ಮರುವರ್ಷದ ಮಾತು. ಆಗ ನಾನು ಜೇವರ್ಗಿ ತಾಲ್ಲೂಕಿನ ನಮ್ಮೂರಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಕಾಗದದಲ್ಲಿ ನನ್ನ ಹುದ್ದೆ ವಾಟರ್‌ಮನ್. ಮುಂಜಾನೆ ಮೋಟರ್ ಚಾಲೂ ಮಾಡುವುದು, ಓಣಿ ಓಣಿಗೆ ವಾಲ್ವ್ ತಿರುವುವುದು, ನೀರಿನ ಟಾಕಿಗೆ ಬ್ಲೀಚಿಂಗ್ ಪುಡಿ ಹಾಕುವುದು, ಒಡೆದ ಪೈಪು ಜೋಡಿಸುವುದು ನನ್ನ ಕೆಲಸ. ಕುಡಿಯುವ ನೀರಿಗೆಂದು ಊರಲ್ಲಿ ಒಂದು ಆರ್‌ಓ ಘಟಕ ಕೂಡಿಸಿದ್ದರು. ಅದರ ಕೀಲಿಯೂ ಅದರ ನೀರಿನ ಉಪ್ಪು ನೋಡುವ ಪೆನ್ನಿನಂಥ ಮೀಟರೂ ನನ್ನ ಬಳಿಯೇ ಇರುತ್ತಿದ್ದವು. ಊರ ಕೆರೆಯ ಮೆಟ್ಟಿಲು ಇಳಿಯಲು ನಮ್ಮಜ್ಜನ ಕಾಲದಲ್ಲಿ ನಮ್ಮ ಓಣಿಯವರನ್ನು ಬಿಡುತ್ತಿರಲಿಲ್ಲ. ಅದೇ ಊರಿನ ನೀರಿನ ಕೀಲಿ ನನ್ನ ಸೊಂಟದಲ್ಲಿದೆ ಎಂಬ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ನಮ್ಮದು ಬೌದ್ಧರ ಮನೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ನಾನು ಶಾಲೆ ಬಿಟ್ಟೆ. ತಂಗಿ ಸುಜಾತಾ ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಓದುತ್ತ ಹೋದಳು. ನಾನು ಹೇಳುವ ಕಾಲಕ್ಕೆ ಅವಳು ಕಲಬುರಗಿಯಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಓಣಿಯಿಂದ ಅಷ್ಟು ದೂರ ಹೋದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ.

ಅವಳ ವಿಷಯ ಫಾಸ್ಫೇಟ್. ಹೊಲಕ್ಕೆ ಹಾಕುವ ಡಿಎಪಿ ಗೊಬ್ಬರದಲ್ಲಿ, ಬಟ್ಟೆ ಒಗೆಯುವ ಪುಡಿಯಲ್ಲಿ, ದನದ ಸೆಗಣಿಯಲ್ಲಿ ಅದು ಇರುತ್ತದೆ. ಮಳೆಗೆ ತೊಳೆದು ಕೆರೆ ಸೇರುತ್ತದೆ. ಬೆಳೆಗೆ ಹಿತವಾದದ್ದು ಪಾಚಿಗೂ ಹಿತ. ನಮ್ಮ ಕೆರೆಯ ಮೇಲೆ ಹಾಲಿನ ಕೆನೆಯ ಹಾಗೆ ಹಸಿರು ಕಟ್ಟುತ್ತಿತ್ತು. ಅದು ಕೊಳೆತಾಗ ನೀರಿನ ಉಸಿರು ಕಟ್ಟಿ ಮೀನು ಸಾಯುತ್ತಿದ್ದವು, ದನಗಳು ಮೂಸಿ ನೋಡಿ ಹಿಂದೆ ಸರಿಯುತ್ತಿದ್ದವು. ಫಾಸ್ಫೇಟನ್ನು ಕಬ್ಬಿಣದ ತುಕ್ಕಿನ ಬಹಳ ಸಣ್ಣ ಕಣಗಳಿಂದ ಹಿಡಿಯಬಹುದು ಎನ್ನುವುದು ಅವಳ ಕೆಲಸ. ಐರನ್ ಆಕ್ಸೈಡ್ ನ್ಯಾನೊ ಕಣ ಎಂದು ಅದರ ಹೆಸರು. ಒಂದು ತಲೆಗೂದಲಿನ ದಪ್ಪದ ಮೇಲೆ ಅಂಥ ಸಾವಿರಾರು ಕಣ ಸಾಲಾಗಿ ಕೂಡುತ್ತವಂತೆ. ಬರೀ ಪುಡಿ ಹಾಕಿದರೆ ನೀರಿನ ಜೊತೆ ಹರಿದುಹೋಗುತ್ತದೆಂದು ಅವಳು ಅದನ್ನು ಸಾಬುದಾಣಿಯಷ್ಟು ದಪ್ಪದ ಮಣಿಗಳಲ್ಲಿ ಸೇರಿಸಿ ತಂದಿದ್ದಳು. ಬಣ್ಣ ರಾಗಿ ಕಾಳಿನ ಹಾಗಿತ್ತು.

"ಇದು ನೀರು ಕುಡಿತದೇನು?" ಎಂದು ಕೇಳಿದೆ.

"ಕುಡಿಯಂಗಿಲ್ಲ ಅಣ್ಣಾ, ಮೈಗಿ ಹಚ್ಕೊಂತದ. ಹೊಲದಾಗ ಅಡ್ಡಾಡಿ ಬಂದ್ರ ಕಂಬಳಿಗಿ ಮುಳ್ಳ ಅಂಟಿರ್ತಾವಲ್ಲ, ಹಂಗ. ಇದಕ್ಕ ಅಡ್ಸಾರ್ಪ್ಷನ್ ಅಂತಾರ."

"ಕಂಬಳಿ ತುಂಬಿದ್ರ?"

"ಬರಾಬರ್ ಕೇಳ್ದಿ ನೋಡು. ತುಂಬಿದ್ರ ಮುಂದಿನ ಮುಳ್ಳಿಗಿ ಜಾಗಾ ಇರಂಗಿಲ್ಲ. ಆಗ ಕಾಸ್ಟಿಕ್ ಸೋಡಾ ನೀರಿಲೆ ತೊಳಿಬೇಕು. ಎಲ್ಲಾ ಬಿಟ್ಟು ಮತ್ತ ಖಾಲಿ ಆಗ್ತದ. ತೊಳೆದ ನೀರು ಹೊಲಕ್ಕ ಗೊಬ್ಬರ."

ಅವಳು ಅಷ್ಟು ತಿಳಿಸಿ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ನಾನು ಇವತ್ತು ಹೇಳುವ ಹಾಗಿಲ್ಲ.

ದೀಪಾವಳಿ ಮುಗಿದು ಮೂರು ವಾರಕ್ಕೆ ಕೆರೆಯ ದಂಡೆಯ ಪಂಪ್‌ಹೌಸಿನಲ್ಲಿ ಎಲ್ಲ ಹೂಡಿದೆವು. ಮೇಲೆ ಒಂದು ಇನ್ನೂರು ಲೀಟರಿನ ಡ್ರಮ್ಮು. ಅದರಿಂದ ಕೆರೆಯ ನೀರು ಆರಿಂಚಿನ ಪಿವಿಸಿ ಪೈಪಿಗೆ ಇಳಿಯಬೇಕು. ಪೈಪಿನೊಳಗೆ ನಾಲ್ಕು ಅಡಿ ಮಣಿ. ಕೆಳಗೆ ಸಣ್ಣ ನಲ್ಲಿ. ತಾಸಿಗೆ ಎರಡು ಬಿಂದಿಗೆ, ಅದಕ್ಕಿಂತ ಜಾಸ್ತಿ ಬಿಡಬಾರದು. ಜೋಡಣೆಯೆಲ್ಲ ನನ್ನದೇ. ಒಂದು ಹನಿ ಸೋರಲಿಲ್ಲ. "ಇಂಜಿನಿಯರ್ ಆಗಬೇಕಿತ್ತು ನೀ," ಎಂದು ಸುಜಾತಾ ಅಂದಳು.

ದಿನಾ ಬೆಳಿಗ್ಗೆ ಆರೂವರೆಗೆ ನಾನು ಎರಡು ಬಾಟಲಿ ತುಂಬಬೇಕು. ಡ್ರಮ್ಮಿನ ನೀರಿನದಕ್ಕೆ 'ಒಳ' ಎಂದೂ ನಲ್ಲಿಯದಕ್ಕೆ 'ಹೊರ' ಎಂದೂ ಚೀಟಿ. ತಾರೀಖು ಹಾಕಿ ಐಸು ತುಂಬಿದ ಬರ್ಫಿನ ಡಬ್ಬಿಯಲ್ಲಿಟ್ಟು ಶನಿವಾರದ ಬಸ್ಸಿಗೆ ಕೊಟ್ಟರೆ ಅವಳು ಕಲಬುರಗಿಯಲ್ಲಿ ಇಳಿಸಿಕೊಳ್ಳುತ್ತಿದ್ದಳು. ಅಲ್ಲಿ ಪಕ್ಕಾ ಪರೀಕ್ಷೆ. ಇಲ್ಲಿ ನನ್ನ ಕೈಯಲ್ಲಿ ಒಂದು ಸಣ್ಣ ಕಿಟ್ಟು ಕೊಟ್ಟಿದ್ದಳು. ಚೂರು ನೀರಿಗೆ ಎರಡು ಔಷಧ ಹಾಕಿ ಹತ್ತು ನಿಮಿಷ ಬಿಟ್ಟರೆ ಫಾಸ್ಫೇಟ್ ಇದ್ದಷ್ಟು ನೀಲಿಯಾಗುತ್ತದೆ. 'ಒಳ' ದಿನಾ ಶಾಯಿಯಂತೆ ನೀಲಿ. 'ಹೊರ' ಬಣ್ಣವೇರದೆ ಬಿಳಿಯಾಗಿಯೇ ಇರುತ್ತಿತ್ತು. ಅದನ್ನು ನೋಡುವ ಹತ್ತು ನಿಮಿಷ ನನಗೆ ಪರೀಕ್ಷೆಯ ರಿಸಲ್ಟ್ ನೋಡಿದಂತೆ ಆಗುತ್ತಿತ್ತು. ಬಿಳಿ ಕಂಡರೆ ತಂಗಿ ಪಾಸು. ಫೋನ್ ಮಾಡಿ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು.

ಅರವತ್ತು ದಿನ ಹೀಗೆ ನಡೆಸಬೇಕಿತ್ತು. ಮೂವತ್ತೇಳು ದಿನ ನಾನು ಒಂದು ದಿನವೂ ತಪ್ಪಿಸಲಿಲ್ಲ. ಇದನ್ನು ಬರೆಯುವುದು ಹೊಗಳಿಕೊಳ್ಳಲು ಅಲ್ಲ. ಮೂವತ್ತೇಳು ದಿನ ಸರಿಯಾಗಿ ಮಾಡಿದ್ದೇ ಮುಂದೆ ಅವಳು ನನ್ನನ್ನು ನಂಬುವುದಕ್ಕೆ ಕಾರಣವಾಯಿತು.

ಮೂವತ್ತೆಂಟನೆಯ ದಿನದ ಹೊತ್ತಿಗೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಭಾಗದಲ್ಲಿ ಆ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಆ ಅಡುಗೆಯನ್ನೇ ಎಡೆಯಾಗಿ ಬೆಳೆಗೆ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ನಮಗೆ ಹೊಲವಿಲ್ಲ. ನನ್ನ ಹೆಂಡತಿ ಕಲಾವತಿಯ ತವರು ಆಳಂದ ತಾಲ್ಲೂಕಿನಲ್ಲಿ. ಅವರಿಗೆ ನಾಲ್ಕು ಎಕರೆ ತೊಗರಿ ಇದೆ. ನಾನು ವರ್ಷವೂ ಹೋಗುತ್ತಿದ್ದೆ. ಈ ವರ್ಷ ಹೋಗುವುದಿಲ್ಲ ಎಂದು ತಂಗಿಗೆ ಮಾತು ಕೊಟ್ಟಿದ್ದೆ.

"ಹೊಲಕ್ಕ ಅಳಿಯ ಬರ್ಲಿಲ್ಲಂದ್ರ ನಮ್ಮಪ್ಪ ಏನ್ ತಿಳ್ಕೊಂತಾನ್ರಿ," ಅಂದಳು ಕಲಾವತಿ. "ನೀರ ಏನ್ ಓಡಿ ಹೋಗ್ತದೇನು?"

"ಸುಜಾತಾಗ ಹೇಳೀನಿ ಎಲ್ಲೂ ಹೋಗಂಗಿಲ್ಲಂತ."

"ಒಂದಿನದ ಮಾತು. ಅಕಿಗಿ ಹೇಳೋದರ ಯಾಕ?"

ಹೋದೆ. ಒಂದು ದಿನವೆಂದು ಹೋದವನು ಮೂರು ದಿನ ಉಳಿದೆ. ಯಾರೂ ಕಟ್ಟಿ ಹಾಕಿರಲಿಲ್ಲ. ಮಾವ ಇರು ಅಂದ, ಊಟ ಚೆನ್ನಾಗಿತ್ತು, ಉಳಿದೆ. ಹೋಗುವಾಗ ಪಾಚಿ ಕಟ್ಟಿ ನಲ್ಲಿ ನಿಂತುಬಿಟ್ಟೀತು ಎಂದು ಅದನ್ನು ಒಂದು ಸುತ್ತು ಹೆಚ್ಚು ತಿರುವಿದ್ದೆ; ತುಂಬಿಸುವವರಿಲ್ಲದ ಡ್ರಮ್ಮಿಗೆ ಕೆರೆಯ ಪೈಪನ್ನೇ ನೇರವಾಗಿ ಬಿಟ್ಟಿದ್ದೆ. ತಾಸಿಗೆ ಎರಡು ಬಿಂದಿಗೆಯ ಬದಲು ಎಷ್ಟು ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬಂದ ಮರುದಿನ ಆರೂವರೆಗೆ ಕಿಟ್ಟು ಹಚ್ಚಿದೆ. ಹತ್ತು ನಿಮಿಷಕ್ಕೆ 'ಹೊರ' ನೀಲಿಯಾಯಿತು. ಶಾಯಿಯಷ್ಟು ಅಲ್ಲ, ಹೊಸ ಧೋತರಕ್ಕೆ ಹಾಕುವ ನೀಲಿಯಷ್ಟು. ನಾನು ಚೆಲ್ಲಿ ಮತ್ತೊಮ್ಮೆ ಮಾಡಿದೆ. ಮತ್ತೂ ನೀಲಿ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ: ಫೋನ್ ಎತ್ತಿ, "ಸುಜಾತಾ, ನಾ ಮೂರು ದಿನ ಇರ್ಲಿಲ್ಲ, ನೀರು ನೀಲಿ ಆಗ್ಯಾದ" ಎನ್ನುವುದು. ಫೋನ್ ಕೈಯಲ್ಲೇ ಇತ್ತು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ.

ಇಲ್ಲಿ ನಮ್ಮ ಕೆಲಸದ ಒಂದು ರೂಢಿ ಹೇಳಬೇಕು. ಟಾಕಿಯ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ದಿನಾ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ನೋಡಿದ ದಿನವೂ ಸೊನ್ನೆ ಪಾಯಿಂಟ್ ಎರಡು, ನೋಡದ ದಿನವೂ ಸೊನ್ನೆ ಪಾಯಿಂಟ್ ಎರಡು ಎಂದು ನಾನು ಬರೆಯುತ್ತಿದ್ದೆ. ಖಾಲಿ ಬಿಟ್ಟರೆ ಬೈಗುಳ, ತುಂಬಿದರೆ ಯಾರೂ ಏನೂ ಕೇಳುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ರಿಜಿಸ್ಟರಿನ ಖಾಲಿ ಕಾಲಂ ತುಂಬುವುದು ನನ್ನ ಕೈಗೆ ಅಭ್ಯಾಸವಾಗಿತ್ತು. ಅದನ್ನು ನಾನು ಸುಳ್ಳು ಎಂದು ತಿಳಿದೇ ಇರಲಿಲ್ಲ, ಕೆಲಸ ಎಂದು ತಿಳಿದಿದ್ದೆ.

ಆರ್‌ಓ ಘಟಕ ಅಲ್ಲಿಂದ ನೂರು ಹೆಜ್ಜೆ. ಕೀಲಿ ಸೊಂಟದಲ್ಲಿ. ತಪ್ಪಿದ ಮೂರು ದಿನದ 'ಒಳ' ಬಾಟಲಿಗೆ ಡ್ರಮ್ಮಿನ ನೀರು ತುಂಬಿದೆ, ಉಳಿದ ಮೂರು ಖಾಲಿ ಬಾಟಲಿಗೂ ಆ ದಿನದ ಬಾಟಲಿಗೂ ಆರ್‌ಓ ನೀರು. 'ಹೊರ' ಎಂದು ಚೀಟಿ ಹಚ್ಚಿದೆ, ತಾರೀಖು ಹಾಕಿದೆ. ಕಿಟ್ಟಿನಲ್ಲಿ ನೋಡಿದೆ. ಬಣ್ಣದ ಸುಳಿವೂ ಇಲ್ಲ, ಬಿಳಿ. ತಂಗಿ ಪಾಸು.

ನಾಳೆಗೆ ಸರಿಹೋದೀತು ಎಂದುಕೊಂಡೆ. ನಾಳೆ ನೀಲಿ ಇನ್ನೂ ಗಾಢವಾಯಿತು. ಒಮ್ಮೆ ಬಿಳಿ ಕಳಿಸಿದ ಮೇಲೆ ನೀಲಿ ಕಳಿಸಿದರೆ ಕೇಳುತ್ತಾಳೆ. ಹೀಗೆ ಅರವತ್ತನೆಯ ದಿನದವರೆಗೂ 'ಹೊರ' ಬಾಟಲಿಗೆ ಆರ್‌ಓ ನೀರೇ ತುಂಬಿದೆ. ಫೋನಿನಲ್ಲಿ ಅವಳ ದನಿ ದಿನದಿಂದ ದಿನಕ್ಕೆ ಹಗುರಾಗುತ್ತಿತ್ತು. "ಅಣ್ಣಾ, ನಾ ನಲವತ್ತು ದಿನಕ್ಕ ಸೋಲ್ತದ ಅಂತ ಲೆಕ್ಕಾ ಹಾಕಿದ್ದೆ. ಐವತ್ತು ದಾಟ್ತು. ಮೇಡಂಗೂ ನಂಬಿಕಿ ಬರವಲ್ದು," ಎಂದಳು. ಮೇಡಂ ಎಂದರೆ ಅವಳ ಗೈಡ್. ಆ ಮಾತು ಕೇಳಿಯೂ ನನಗೆ ಬುದ್ಧಿ ಬರಲಿಲ್ಲ. ಐವತ್ತು ನಲವತ್ತಕ್ಕಿಂತ ದೊಡ್ಡದು ಎಂದಷ್ಟೇ ತಿಳಿದೆ.

ಎರಡು ತಿಂಗಳ ನಂತರ ಅವಳ ಕೆಲಸದ ಪ್ರಗತಿ ನೋಡುವ ಸೆಮಿನಾರ್ ಇತ್ತು. ಅದಕ್ಕೆ ನನ್ನನ್ನು ಕರೆದಳು. ಬಿಳಿ ಅಂಗಿ ಹಾಕಿಕೊಂಡು ಹೋದೆ. ಹಿಂದಿನ ಸಾಲಿನಲ್ಲಿ ಕೂಡಿಸಿ, ಪಕ್ಕದಲ್ಲಿದ್ದ ಹುಡುಗಿಗೆ, "ಇವ್ರ ನಮ್ಮಣ್ಣ, ಅರ್ಧಾ ಪಿಎಚ್.ಡಿ. ಇವರ್ದೇ," ಎಂದಳು. ಆ ಹುಡುಗಿ ಶಬಾನಾ. ಅವಳೂ ಅದೇ ಲ್ಯಾಬಿನವಳು. ಬಾಟಲಿಗಳ ಬೇರೆ ಪರೀಕ್ಷೆಗಳನ್ನು ಅವಳು ಮಾಡುತ್ತಿದ್ದಳು.

"ನಿಮ್ಮ ಬಾಟ್ಲಿ ಮ್ಯಾಲಿನ ಅಕ್ಷರಾ ಚಂದ ಇರ್ತಾವ್ರಿ ಭಾಯ್," ಅಂದಳು ಶಬಾನಾ. "ನಮ್ಮ ಕೈಬರಹ ಓದಾಕ ದವಾಖಾನಿಯವ್ರೇ ಬೇಕು."

ಸುಜಾತಾ ಪರದೆಯ ಮೇಲೆ ಗೆರೆ ತೋರಿಸಿದಳು. ಒಳಗಿನ ನೀರಿನ ಗೆರೆ ಮೇಲೆ, ಹೊರಗಿನದು ನೆಲಕ್ಕೆ ಹತ್ತಿ ಅರವತ್ತು ದಿನವೂ ಚಪ್ಪಟೆ. ಕೊನೆಗೆ ಎಲ್ಲ ಅಂಕಿಗಳ ಪಟ್ಟಿ ಬಂತು. ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಕನ್ನಡಕ ಹಣೆಗೆ ಏರಿಸಿ ಅದನ್ನೇ ನೋಡುತ್ತ ಕೂತರು.

"ನಿನ್ನ ಕಬ್ಬಿಣ ಫಾಸ್ಫೇಟ್ ಹಿಡಿತದ, ಒಪ್ಪಿದೆ. ಉಪ್ಪು ಎಲ್ಲಿ ಹೋತವ್ವಾ?"

ಸುಜಾತಾಗೆ ಅರ್ಥವಾಗಲಿಲ್ಲ. ಅವರು ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟರು. ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಎಂದು ಕರೆಂಟು ಹರಿಸಿ ನೋಡುವ ಅಳತೆಯೊಂದಿದೆ, ಕಂಡಕ್ಟಿವಿಟಿ ಎನ್ನುತ್ತಾರೆ. ಮೂವತ್ತೇಳನೆಯ ದಿನದವರೆಗೆ ಒಳಗೂ ಹೊರಗೂ ಅದು ಹೆಚ್ಚುಕಡಿಮೆ ಒಂದೇ, ಒಂಬೈನೂರರ ಆಸುಪಾಸು. ಮೂವತ್ತೆಂಟರಿಂದ ಹೊರಗಿನದು ಒಮ್ಮೆಲೇ ಅರವತ್ತು. ಶಬಾನಾ ಅಂಕಿಗಳನ್ನು ಹಿಂದಿನ ದಿನವಷ್ಟೇ ಪಟ್ಟಿಗೆ ಸೇರಿಸಿದ್ದಳು. ಫಾಸ್ಫೇಟಿನ ಖುಷಿಯಲ್ಲಿ ಸುಜಾತಾ ಆ ಸಾಲನ್ನು ನೋಡಿರಲಿಲ್ಲ.

ಆರ್‌ಓ ಘಟಕದ ನೀರು ಅರವತ್ತು ಎಂದು ಅಲ್ಲಿದ್ದ ಯಾರಿಗಿಂತಲೂ ಚೆನ್ನಾಗಿ ನನಗೆ ಗೊತ್ತಿತ್ತು. ಅದನ್ನು ನೋಡುವ ಮೀಟರು ಆಗಲೂ ನನ್ನ ಜೇಬಿನಲ್ಲಿತ್ತು.

"ತುಕ್ಕು ಉಪ್ಪು ತಗಿಯಂಗಿಲ್ಲ," ಎಂದರು ಪ್ರಾಧ್ಯಾಪಕರು. "ಇದು ಕೆರಿ ನೀರಲ್ಲ. ಇಲ್ಲಾ ಲ್ಯಾಬಿನಾಗ ಬಾಟ್ಲಿ ಬದಲಾಗ್ಯಾವ, ಇಲ್ಲಾ ಯಾರೋ ಕೂತು ಮಾಡಿದ್ದು."

ಸುಜಾತಾ ಮೈಕು ಹಿಡಿದುಕೊಂಡೇ ನಿಂತಿದ್ದಳು. "ನೀರು ತುಂಬಿದವ್ರು ನಮ್ಮ ಅಣ್ಣ, ಸರ್. ಅಲ್ಲೇ ಕುಂತಾರ. ಅವ್ರ ಮ್ಯಾಲ ನನಗ ಸಂಶಯ ಇಲ್ರಿ." ಹೇಳಿ ನನ್ನ ಕಡೆ ನೋಡಿದಳು. ಎಲ್ಲರೂ ತಿರುಗಿ ನೋಡಿದರು. "ಹೊರಗಿಂದು ನಲ್ಲಿದೇ ತುಂಬಿದ್ದಲ್ಲ ಅಣ್ಣಾ?"

ನಾನು ತಲೆ ಆಡಿಸಿದೆ. ಹೌದು ಎನ್ನುವಂತೆ.

ಒಂದು ಮಾತೂ ಆಡದೆ ಹೇಳಿದ ಆ ಸುಳ್ಳಿಗಿಂತ ದೊಡ್ಡದನ್ನು ನಾನು ಜೀವನದಲ್ಲಿ ಹೇಳಿಲ್ಲ. ಬಾಟಲಿ ತುಂಬಿದ್ದಕ್ಕೆ ಪ್ರೀತಿ ಎಂದೋ ದಡ್ಡತನ ಎಂದೋ ನೆಪ ಹೇಳಬಹುದು. ಇದಕ್ಕೆ ನನ್ನ ಹತ್ತಿರ ನೆಪವಿಲ್ಲ. ಅಷ್ಟು ಜನರೆದುರು ನನ್ನ ಬಿಳಿ ಅಂಗಿ ಉಳಿಯಲಿ ಎಂದು ನನ್ನ ತಂಗಿಯನ್ನು ಅಲ್ಲಿ ಒಬ್ಬಳನ್ನೇ ನಿಲ್ಲಿಸಿದೆ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಹೆಚ್ಚು ಬರೆಯಲಾರೆ. ಅಣ್ಣನ ಮೇಲೆ ಸಂಶಯವಿಲ್ಲ ಎಂದ ಮೇಲೆ ಉಳಿದದ್ದು ಲ್ಯಾಬು. ಲ್ಯಾಬಿನಲ್ಲಿ ಉಳಿದವಳು ಶಬಾನಾ. ಅವಳ ಕೈಗೆ ಬಾಟಲಿ ಕೊಡುವುದನ್ನು ನಿಲ್ಲಿಸಿದರು. "ಅಕಿನೇ ಬದಲ್ ಮಾಡ್ಯಾಳ ಅಣ್ಣಾ, ಹೊಟ್ಟಿಕಿಚ್ಚಿಗೆ," ಎಂದು ಸುಜಾತಾ ಫೋನಿನಲ್ಲಿ ಅತ್ತಳು. "ನಾಕ್ ವರ್ಷ ಒಂದೇ ಡಬ್ಬಿಯೊಳಗ ಉಂಡೇವಿ." ನಾನು "ಇರ್ಲಿ ಬಿಡು" ಎಂದೆ. ಇರ್ಲಿ ಬಿಡು.

ಸೆಮಿನಾರ್ ಆದ ಹನ್ನೆರಡನೆಯ ದಿನ ಮೇಡಂ ಸುಜಾತಾಳನ್ನು ಕರೆದು, ಹದಿನೈದು ದಿನದೊಳಗೆ ಕಾರಣ ಕೊಡದಿದ್ದರೆ ಕಟ್ಟುಕತೆ ಮಾಡಿದ ಅಂಕಿ ಎಂದು ಸಮಿತಿಗೆ ಬರೆಯಬೇಕಾಗುತ್ತದೆ, ಅಲ್ಲಿಗೆ ಪಿಎಚ್.ಡಿ. ಮುಗಿಯಿತು ಎಂದರು. ಆ ಸುದ್ದಿಯನ್ನು ಕಲಾವತಿಗೆ ಹೇಳುವಾಗ ಉಳಿದದ್ದೂ ಬಾಯಿಗೆ ಬಂತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಒಂದಿನ ಅಂತ ಕರ್ದಿದ್ದು ನಾ. ಅದು ನನ್ನ ತಪ್ಪು," ಅಂದಳು. "ಬಾಟ್ಲಿ ನಿಮ್ಮದು. ಏಳ್ರಿ, ಹತ್ತು ಗಂಟೆಕ್ಕ ಬಸ್ ಅದ."

ಲ್ಯಾಬಿನ ಹೊರಗೆ ಬೇವಿನ ಗಿಡದ ಕೆಳಗೆ ಸುಜಾತಾಗೆ ಹೇಳಿದೆ. ಅಮಾವಾಸ್ಯೆಯಿಂದ ಶುರುಮಾಡಿ ತಲೆ ಆಡಿಸಿದ್ದರವರೆಗೆ ಎಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾಕ ಅಣ್ಣಾ?"

"ನೀಲಿ ಆದ್ರ ನೀ ಫೇಲ್ ಅಂತ ತಿಳ್ದೆ."

"ಅದು ಯಾವಾಗ ನೀಲಿ ಆಗ್ತದಂತ ನೋಡಾಕೇ ಇಟ್ಟಿದ್ದೆ. ಎಷ್ಟ್ ದಿನಕ್ಕ ತೊಳಿಬೇಕಂತ ಗೊತ್ತಾಗ್ಲಿಲ್ಲಂದ್ರ ಯಾವ ಊರಾಗ ಹೂಡಲಿ ಅದನ್ನ? ಆ ನೀಲಿನೇ ನನಗ ಬೇಕಾಗಿತ್ತು." ಆಮೇಲೆ ಕೇಳಿದಳು, "ಖರೇ ಹೇಳು. ಎಷ್ಟನೇ ದಿನಕ್ಕ ಆತು?"

ನನಗೆ ಗೊತ್ತಿರಲಿಲ್ಲ. ನಾನು ಭಜ್ಜಿ ಉಣ್ಣುತ್ತಿದ್ದ ಮೂರು ದಿನಗಳಲ್ಲಿ ಯಾವಾಗಲೋ ಆಗಿತ್ತು. ನಲ್ಲಿಯನ್ನು ನಾನು ಹೆಚ್ಚು ತಿರುವಿದ್ದರಿಂದ ಆ ದಿನಕ್ಕೂ ಬೆಲೆ ಇರಲಿಲ್ಲ.

ಮೇಡಂ ಎದುರು ಮತ್ತೊಮ್ಮೆ ಹೇಳಿದೆ. ಅವರು ಕಾಗದ ಕೊಟ್ಟು ಬರೆಯಿರಿ ಎಂದರು. ಎರಡು ಪುಟ ಬರೆದು ಸಹಿ ಮಾಡಿದೆ. ಓದಿ ಅವರು ಅಂದದ್ದು ಇಷ್ಟೆ: "ನೀವು ಬಂದು ಹೇಳಿದ್ರಿ, ಇಕಿ ಹೆಸರು ಉಳೀತು. ಇಕಿ ಕಳ್ಕೊಂಡ ವರ್ಷ ಮಾತ್ರ ತಿರುಗಿ ಬರಂಗಿಲ್ಲ."

ಶಬಾನಾಳ ಹತ್ತಿರವೂ ಹೋಗಿ ಕೈಮುಗಿದೆ. ಅವಳು ಮುಖ ತಿರುಗಿಸಲಿಲ್ಲ. "ನನಗ ಮಾಫಿ ಕೇಳಬ್ಯಾಡ್ರಿ ಭಾಯ್. ಅಕಿಗಿ ಹೇಳ್ರಿ, ನನ್ನ ಕೂಡ ಮಾತಾಡಂತ," ಅಂದಳು. ಅವರಿಬ್ಬರೂ ಈಗ ಮಾತಾಡುತ್ತಾರೆ. ಒಂದೇ ಡಬ್ಬಿಯಲ್ಲಿ ಉಣ್ಣುವುದಿಲ್ಲ.

ಮೂವತ್ತೇಳು ದಿನದ ಅಂಕಿಗಳೂ ಕಸಕ್ಕೆ ಹೋದವು. ಒಬ್ಬನ ಕೈಯ ಇಪ್ಪತ್ತಮೂರು ಬಾಟಲಿ ಸುಳ್ಳಾದರೆ ಉಳಿದವು ಖರೆ ಎಂದು ಯಾರು ಹೇಳಬೇಕು? ಬೇಸಿಗೆಗೆ ನಮ್ಮ ಕೆರೆ ತಳ ಕಂಡಿತು. ಮುಂದಿನ ವರ್ಷ ಸುಜಾತಾ ಪೈಪನ್ನು ಅಫಜಲಪುರದ ಕಡೆ, ಭೀಮಾ ದಂಡೆಯ ಒಂದು ಊರಿಗೆ ಒಯ್ದಳು. ಜೋಡಿಸಲು ನನ್ನನ್ನೇ ಕರೆದಳು. ಬಾಟಲಿ ತುಂಬುವ ಕೆಲಸ ಆ ಊರಿನ ಒಬ್ಬ ಹೆಣ್ಣುಮಗಳಿಗೆ ಕೊಟ್ಟಳು.

ತಿಂಗಳ ಮೇಲೆ ಒಂದು ವಾಶರ್ ಬದಲಿಸಲು ಹೋದಾಗ ಅಲ್ಲಿಯ ಲೆಕ್ಕದ ವಹಿ ನೋಡಿದೆ. ಹತ್ತು ಹನ್ನೆರಡು ದಿನಕ್ಕೊಂದರಂತೆ ಸಾಲುಗಳಲ್ಲಿ ಅಂಕಿಯೇ ಇಲ್ಲ, ಬರೀ ಮಾತು. 'ಇವತ್ತು ನೀರು ತುಂಬಿಲ್ಲ. ಮಗಳಿಗೆ ಜ್ವರ.' 'ತುಂಬಿಲ್ಲ. ಮರೆತೆ.' ಆ ಹೆಣ್ಣುಮಗಳು ಹೆದರಿಕೊಂಡು, "ಮೇಡಂ ಬೈತಾರೇನ್ರೀ?" ಎಂದು ಕೇಳಿದಳು. ಅವಳ ಮೇಡಂ ಎಂದರೆ ಸುಜಾತಾ; ಮೊದಲಿನ ಸಾಲುಗಳ ಕೆಳಗೆ ಸುಜಾತಾ ಆಗಲೇ ತನ್ನ ಕೈಯಿಂದ 'ಸರಿ' ಎಂದು ಬರೆದಿದ್ದಳು. ಮೂವತ್ತೊಂಬತ್ತನೆಯ ದಿನ ಅಲ್ಲಿ ನೀರು ನೀಲಿಯಾಯಿತು. ತಂಗಿ ಫೋನಿನಲ್ಲಿ ಹೇಳಿದಾಗ ದನಿಯಲ್ಲಿ ಹಬ್ಬವಿತ್ತು. ಅವಳ ಲೆಕ್ಕ ಒಂದು ದಿನವಷ್ಟೇ ತಪ್ಪಿತ್ತು.

ಅವಳ ಪ್ರಬಂಧ ಮುಗಿದು ಈಗ ಅಟ್ಟದ ಮೇಲೆ ಒಂದು ಪ್ರತಿ ನಮ್ಮ ಮನೆಯಲ್ಲೂ ಇದೆ. ನಮ್ಮೂರ ಬಗ್ಗೆ ಅದರಲ್ಲಿ ಒಂದೇ ಸಾಲು. ಇಂಗ್ಲಿಷಿನಲ್ಲಿದೆ, ಓದಿಸಿ ಕೇಳಿದೆ. ಮೊದಲ ಸ್ಥಳದಲ್ಲಿ ಮಾದರಿ ಸಂಗ್ರಹದ ದೋಷದಿಂದ ಆ ಅಂಕಿಗಳನ್ನು ಬಳಸಿಲ್ಲ, ಅಷ್ಟೆ.

"ನನ್ನ ಹೆಸರ ಬರೀಬೇಕಾಗಿತ್ತು," ಎಂದೆ.

"ಬರ್ದೀನಲ್ಲ ಅಣ್ಣಾ. ಮೊದಲನೇ ಪುಟದಾಗ ಥ್ಯಾಂಕ್ಸ್ ಅಂತ."

"ಅಲ್ಲಲ್ಲ. ಆ ಸಾಲಿನಾಗ."

ಅವಳು ಪುಟ ಮುಚ್ಚಿದಳು.

ನೀರಿನ ಕೆಲಸದವನು ನೀರನ್ನು ಇದ್ದ ಹಾಗೆ ತೋರಿಸಬೇಕು. ಅದನ್ನು ಒಳ್ಳೆಯದು ಮಾಡುವುದು ಆಮೇಲಿನ ಕೆಲಸ. ಇಷ್ಟು ತಿಳಿಯಲು ನನಗೆ ಹತ್ತೊಂಬತ್ತು ವರ್ಷದ ನೌಕರಿಯೂ ತಂಗಿಯ ಒಂದು ವರ್ಷವೂ ಬೇಕಾಯಿತು. ಅವಳು ಆ ಸಾಲಿನಲ್ಲಿ ಬಿಟ್ಟದ್ದನ್ನು ನಾನು ಇಲ್ಲಿ ಬರೆದಿದ್ದೇನೆ.